ಜೋಳದ ಪಾಳಿ: ಗಂಗಾಳದೊಳಗಿನ ಆರೋಗ್ಯ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯು ಕನ್ನಡಿಗರ ನಾಲಗೆಯಲ್ಲಿ ಬಹುಕಾಲದಿಂದ ನೆಲೆಸಿದೆ. ಇದರಲ್ಲಿ ಉಣ್ಣುವವನಿಗಲ್ಲ, ಬಲ್ಲವನಿಗೆ ಪ್ರಾಶಸ್ತ್ಯವಿರುವುದು ಗಮನಾರ್ಹ. ಬಲ್ಲವನೆಂದರೆ ಏನನ್ನು ಬಲ್ಲವನು? ಯಾವ ಧಾನ್ಯ ಶ್ರೇಷ್ಠವೆಂಬುದನ್ನೋ, ಯಾವುದರೊಡನೆ ಯಾವುದು ಕೂಡಬೇಕೆಂಬುದನ್ನೋ? ಸಿರಿಧಾನ್ಯಗಳ ಸ್ತುತಿ ಎಲ್ಲೆಡೆಯೂ ಕೇಳಿಬರುತ್ತಿರುವ ಈ ದಿನಗಳಲ್ಲಿ, ಮಸ್ಕಿಯ ಸುತ್ತಣ ನೆಲವನ್ನೇ ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಉಚಿತವೆನಿಸುತ್ತದೆ.

ಧಾನ್ಯಗಳ ಮೇಲುಕೀಳಿನ ವಾದವು ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯ ವಸ್ತುವೇ ಅದು. ನೆಲ್ಲಿಗೂ ನರೆದಲೆಗಕ್ಕೂ, ಎಂದರೆ ರಾಗಿಗೂ, ಹುಟ್ಟಿದ ಕಲಹವನ್ನು ಶ್ರೀರಾಮನು ತೀರ್ಮಾನಿಸಬೇಕಾಗುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ತೆಗೆದಾಗ ನೆಲ್ಲು ಕಳೆಗುಂದಿರುತ್ತದೆ, ರಾಗಿಯು ಕೆಡದೆ ಉಳಿದಿರುತ್ತದೆ. ಜೋಳಕ್ಕಾದರೋ ಇನ್ನೊಂದು ಬಗೆಯ ಗೌರವ ಸಂದಿದೆ. ಒಡೆಯನ ಅನ್ನವನ್ನುಂಡವನು ಅವನಿಗೆ ತೀರಿಸಬೇಕಾದ ಋಣವನ್ನು ಹಳಗನ್ನಡವು ‘ಜೋಳದ ಪಾಳಿ’ ಎಂದು ಕರೆಯಿತು. ಅನ್ನವೆಂಬುದಕ್ಕೆ ಜೋಳವೆಂಬುದೇ ಪರ್ಯಾಯವಾಗಿದ್ದ ನಾಡು ಇದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಆ ನಾಡಿನ ಗಂಗಾಳವು ಒಂದೆರಡು ತಲೆಮಾರುಗಳೊಳಗೆ ಬದಲಾಯಿತು. ತುಂಗಭದ್ರಾ ಅಣೆಕಟ್ಟೆಯು ೧೯೫೩ರಲ್ಲಿ ಪೂರ್ಣಗೊಂಡ ತರುವಾಯ ಎಡದಂಡೆ ಕಾಲುವೆಯು ಸಿಂಧನೂರು, ಮಾನ್ವಿ ಸೀಮೆಗಳಿಗೆ ನೀರನ್ನು ತಂದಿತು. ಜೋಳ, ಹತ್ತಿ, ಶೇಂಗಾಗಳಂತಹ ಮಿತನೀರಿನ ಬೆಳೆಗಳಿಗೆ ಹೆಚ್ಚು ವಿಸ್ತಾರದಲ್ಲಿ ನೀರನ್ನು ಹಂಚುವುದು ಮೂಲ ಉದ್ದೇಶವಾಗಿದ್ದಿತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ವ್ಯಾಪಿಸಿ, ಸಿಂಧನೂರು ಭತ್ತದ ಕಣಜವೆಂದು ಹೆಸರಾಯಿತು. ಲಿಂಗಸುಗೂರಿನ ಕಡೆಯ ಒಣಬೇಸಾಯದ ಹೊಲಗಳಲ್ಲಿ ಜೋಳ, ಸಜ್ಜೆ, ತೊಗರಿಗಳು ಉಳಿದುಕೊಂಡವು. ಮಸ್ಕಿಯು ಈ ಎರಡು ಸೀಮೆಗಳ ನಡುವೆ ನಿಂತಿದೆ. ೨೦೧೩ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯ ಅಕ್ಕಿಯು ಬಡವರ ಹಸಿವನ್ನು ನೀಗಿಸಿತು. ಕಾಲುವೆ ಕಾಣದ ಊರುಗಳಲ್ಲಿಯೂ ಅನ್ನವೇ ದಿನದ ಊಟವಾಗಲು ನೆರವಾಯಿತು. ನೀರಿನಿಂದ ಸಂಪತ್ತು ಬಂದಿತೆಂಬುದು ನಿರ್ವಿವಾದ. ಆರೋಗ್ಯವೂ ಅದರೊಡನೆಯೇ ಬಂದಿತೆ ಎಂಬುದು ಬೇರೆಯೇ ಪ್ರಶ್ನೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳನ್ನು ನೋಡಿದರೆ, ನೂರು ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ಸಸಾರಜನಕವೂ, ೧೦ ಗ್ರಾಂ ನಾರೂ, ೪ ಮಿಲಿಗ್ರಾಂ ಕಬ್ಬಿಣವೂ ಇವೆ. ಸಜ್ಜೆಯಲ್ಲಿ ಕಬ್ಬಿಣವು ೬ ಮಿಲಿಗ್ರಾಂ ಮೀರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸಸಾರಜನಕವು ಸುಮಾರು ೮ ಗ್ರಾಂ, ನಾರು ೩ ಗ್ರಾಂ, ಕಬ್ಬಿಣವು ಒಂದು ಮಿಲಿಗ್ರಾಮಿಗಿಂತ ಕಡಿಮೆ. ನಾರು ಹೆಚ್ಚಿದ್ದಷ್ಟೂ ಊಟವು ನಿಧಾನವಾಗಿ ಜೀರ್ಣವಾಗಿ, ರಕ್ತದಲ್ಲಿ ಸಕ್ಕರೆಯು ಒಮ್ಮೆಲೇ ಏರದಂತೆ ತಡೆಯಾಗುತ್ತದೆ. ಇಷ್ಟನ್ನು ಓದಿದವರು ಜೋಳವೇ ಗೆದ್ದಿತೆಂದು ತೀರ್ಪು ಕೊಡಲು ಮುಂದಾಗುವುದು ಸಹಜ.

ಆದರೆ ಅದೇ ಸಂಸ್ಥೆಯ ಇತಿಹಾಸದಲ್ಲಿಯೇ ಈ ತೀರ್ಪನ್ನು ತಡೆಯುವ ಪ್ರಸಂಗವೊಂದುಂಟು. ದಖನ್ನಿನ ಬಡ ಕುಟುಂಬಗಳಲ್ಲಿ ಪೆಲಾಗ್ರ ಎಂಬ ವ್ಯಾಧಿಯು ಕಾಣಿಸಿಕೊಳ್ಳುತ್ತಿದ್ದಿತು. ಬಿಸಿಲು ತಾಗುವ ಕುತ್ತಿಗೆ, ಕೈಕಾಲುಗಳ ಚರ್ಮವು ಕಪ್ಪಾಗಿ ಒಡೆಯುವುದು, ಭೇದಿಯಾಗುವುದು, ಚಿತ್ತಸ್ವಾಸ್ಥ್ಯವು ಕೆಡುವುದು ಇದರ ಲಕ್ಷಣಗಳು. ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಇದರ ಕಾರಣ. ರೋಗಿಗಳಲ್ಲಿ ಬಹುಪಾಲು ಜನರು ಜೋಳವನ್ನೇ ಉಂಡು ಬದುಕುತ್ತಿದ್ದವರು. ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು ೧೯೬೦ರಲ್ಲಿ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವು ದೇಹದಲ್ಲಿ ನಯಾಸಿನ್ನಿನ ವ್ಯವಹಾರವನ್ನು ಏರುಪೇರುಗೊಳಿಸಬಹುದೆಂದು ಪ್ರತಿಪಾದಿಸಿದರು. ಈ ವಾದದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆಯಾದರೂ ಒಂದು ಮಾತು ಸ್ಪಷ್ಟ: ಉಪ್ಪುಖಾರದೊಡನೆ ಬರಿಯ ರೊಟ್ಟಿಯನ್ನುಂಡವನನ್ನು ಜೋಳವು ಕಾಯಲಿಲ್ಲ. ಬೇಳೆ, ಹಾಲು, ಶೇಂಗಾ, ಸೊಪ್ಪುಗಳೊಡನೆ ಉಂಡವನಿಗೆ ಅದೇ ಜೋಳವು ಬಲವಾಯಿತು. ಜೋಳವೊಂದರ ಮೇಲಿನ ಅವಲಂಬನೆಯು ತಗ್ಗಿ, ಊಟದಲ್ಲಿ ವೈವಿಧ್ಯವು ಹೆಚ್ಚಿದಂತೆ ಆ ವ್ಯಾಧಿಯು ವಿರಳವಾಯಿತು.

ಇಲ್ಲಿಯೇ ಹಳೆಯ ಬೇಸಾಯದ ಮರ್ಮ ಅಡಗಿದೆ. ಎರೆಹೊಲದಲ್ಲಿ ಜೋಳವು ಒಂಟಿಯಾಗಿ ನಿಲ್ಲುತ್ತಿರಲಿಲ್ಲ. ಅಕ್ಕಡಿ ಸಾಲುಗಳಲ್ಲಿ ತೊಗರಿ, ಹೆಸರು, ಮಡಕಿಗಳೂ, ಬದುವಿನಂಚಿನಲ್ಲಿ ಪುಂಡಿ, ಅಗಸಿ, ಗುರೆಳ್ಳುಗಳೂ ಬೆಳೆಯುತ್ತಿದ್ದವು. ಹೊಲದಲ್ಲಿ ಜೊತೆಯಾಗಿದ್ದುದೇ ಗಂಗಾಳದಲ್ಲಿಯೂ ಜೊತೆಯಾಗುತ್ತಿದ್ದಿತು: ರೊಟ್ಟಿ, ತೊಗರಿಬೇಳೆ ಬೆರೆತ ಪುಂಡಿಪಲ್ಯ, ಮೊಳಕೆ ಕಾಳು, ಅಗಸಿಹಿಂಡಿ, ಮಜ್ಜಿಗೆ. ಜೋಳದಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಅಂಶವು ಬೇಳೆಯಲ್ಲಿ ಹೇರಳವಾಗಿದೆ. ಅಗಸಿಯಲ್ಲಿ ಹೃದಯಕ್ಕೆ ಹಿತವಾದ ಒಮೇಗಾ-೩ ವರ್ಗದ ಕೊಬ್ಬಿದೆ. ಊಟದೊಡನೆ ಹಿಂಡಿದ ನಿಂಬೆಯು ಧಾನ್ಯದ ಕಬ್ಬಿಣವು ಮೈಗೆ ಹತ್ತಲು ನೆರವಾಗುತ್ತದೆ. ಊಟದೊಡನೆಯೇ ಕುಡಿದ ಚಹಾ ಅದನ್ನು ತಡೆಯುತ್ತದೆ. ಆದುದರಿಂದ ನೀರು ನಿಲ್ಲುವ ಗದ್ದೆಯು ಬಂದಾಗ ಈ ಸೀಮೆಯು ಕಳೆದುಕೊಂಡುದು ಜೋಳವನ್ನು ಮಾತ್ರವಲ್ಲ. ಅಕ್ಕಡಿಯ ಆ ಪರಿವಾರವನ್ನೂ ಕಳೆದುಕೊಂಡಿತು. ಅನ್ನವನ್ನುಂಡರೂ ಆ ಪರಿವಾರವನ್ನು ಉಳಿಸಿಕೊಂಡ ಮನೆಗೆ ಹಾನಿಯು ಅಲ್ಪ. ರೊಟ್ಟಿಗೆ ಮರಳಿಯೂ ಪರಿವಾರವನ್ನು ಬಿಟ್ಟವನಿಗೆ ಲಾಭವೂ ಅಲ್ಪ.

ದೇಹಪೋಷಣೆಯೊಡನೆ ರೋಗನಿವಾರಣೆಗೂ ನೆರವಾಗುವ ಆಹಾರಕ್ಕೆ ವಿಜ್ಞಾನಿಗಳು ‘ಕಾರ್ಯಕಾರಿ ಆಹಾರ’ವೆಂಬ ಹೆಸರನ್ನಿತ್ತಿದ್ದಾರೆ. ಜಪಾನು ದೇಶವು ೧೯೯೧ರಲ್ಲಿ ಇಂತಹ ಆಹಾರಗಳಿಗೆ ಸರಕಾರಿ ಮಾನ್ಯತೆಯ ಕ್ರಮವನ್ನೇ ರೂಪಿಸಿತು. ಮೇಲೆ ಹೇಳಿದ ಗಂಗಾಳವು ಹೆಸರಿಲ್ಲದೆಯೇ ಆ ಕಾರ್ಯವನ್ನು ಮಾಡುತ್ತಿದ್ದಿತೆನ್ನಲು ಅಡ್ಡಿಯಿಲ್ಲ. ಆದರೆ ಆಹಾರವು ಅರ್ಧ ಮಾತ್ರ. ಇನ್ನರ್ಧವು ಮೈಯ ದುಡಿಮೆ. ಭಾರತದಲ್ಲಿ ಸುಮಾರು ಹತ್ತು ಕೋಟಿ ಜನರಿಗೆ ಮಧುಮೇಹವಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯು ಅಂದಾಜು ಮಾಡಿತು. ಮಧುಮೇಹದ ಅಂಚಿನಲ್ಲಿದ್ದವರ ಮೇಲೆ ಅಮೆರಿಕೆಯಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿತಾಹಾರದಿಂದ ದೇಹತೂಕವನ್ನು ಶೇಕಡ ೭ರಷ್ಟು ಇಳಿಸಿ, ವಾರಕ್ಕೆ ೧೫೦ ನಿಮಿಷ ನಡೆಯುವಂತಹ ವ್ಯಾಯಾಮ ಮಾಡುವ ಗುರಿಯನ್ನಿಟ್ಟುಕೊಂಡವರಲ್ಲಿ ರೋಗವು ಶೇಕಡ ೫೮ರಷ್ಟು ಕಡಿಮೆಯಾಯಿತು. ೨೦೦೬ರಲ್ಲಿ ಪ್ರಕಟವಾದ ನಮ್ಮ ದೇಶದ ಅಧ್ಯಯನದಲ್ಲಿಯೂ ಜೀವನಕ್ರಮದ ಬದಲಾವಣೆಯೊಂದರಿಂದಲೇ ಶೇಕಡ ೨೮ಕ್ಕಿಂತ ಹೆಚ್ಚು ಇಳಿಕೆ ಕಂಡುಬಂದಿತು. ಕಾಯಕವನ್ನು ಬದುಕಿನ ಮೂಲವೆಂದು ಸಾರಿದ ನಾಡಿನವರಿಗೆ ಈ ಮಾತು ಹೊಸದೆನಿಸಲಾರದು. ಅಜ್ಜನ ಹೊಲದಲ್ಲಿ ದಿನವೆಲ್ಲ ಸವೆಯುತ್ತಿದ್ದ ಅನ್ನವು ಮೊಮ್ಮಗನ ಕುರ್ಚಿಯಲ್ಲಿ ಸವೆಯದೆಂಬುದನ್ನು ಮಾತ್ರ ನೆನಪಿಡಬೇಕು.

ಈ ವಿವೇಚನೆಯ ಭಾರವೆಲ್ಲ ಕೊನೆಗೆ ಮಕ್ಕಳ ಮೇಲೆ ಬೀಳುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ ೬೫ರಷ್ಟು, ೧೫ರಿಂದ ೪೯ ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ ೪೭ಕ್ಕೂ ಮಿಕ್ಕಿ ರಕ್ತಹೀನತೆಯಿದೆ. ರಕ್ತವಿಲ್ಲದ ಮಗುವು ತರಗತಿಯಲ್ಲಿ ತೂಕಡಿಸಿದರೆ ಅದನ್ನು ಸೋಮಾರಿತನವೆಂದು ಭಾವಿಸುವುದು ಅನ್ಯಾಯ. ಶಿಕ್ಷಕರು ಪಾಠದ ಅಂಕಗಳೊಡನೆ ಮಗುವಿನ ಕಣ್ಣುರೆಪ್ಪೆಯ ಬಿಳಿಚನ್ನೂ ಗಮನಿಸಿ, ವೈದ್ಯರ ಬಳಿಗೆ ಕಳುಹಿಸುವುದು ವಿದ್ಯಾದಾನದ ಅಂಗವೇ ಸರಿ.

ಇದಕ್ಕೆ ಅನುಕೂಲವಾದ ಸಂಪ್ರದಾಯವು ಹತ್ತಿರದಲ್ಲಿಯೇ ಇದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಲಿನ ಗ್ರಾಮಗಳ ತಾಯಂದಿರು ಲಕ್ಷಗಟ್ಟಲೆ ಜೋಳದ ರೊಟ್ಟಿಗಳನ್ನು ತಟ್ಟಿ ದಾಸೋಹಕ್ಕೆ ಸಲ್ಲಿಸುತ್ತಾರೆ. ಈ ಔದಾರ್ಯವು ಜಾತ್ರೆಯ ದಿನಗಳಿಗೆ ಸೀಮಿತವಾಗದೆ, ವಿದ್ಯಾರ್ಥಿಗಳ ಪ್ರಸಾದನಿಲಯಗಳಿಗೂ ವರ್ಷವಿಡೀ ಹರಿದುಬರಬೇಕು. ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೪ರಲ್ಲಿ ನೀಡಿದ ಮಾರ್ಗಸೂಚಿಯು ವಯಸ್ಕರ ಮಾದರಿ ಊಟದಲ್ಲಿ ದಿನಕ್ಕೆ ೨೫೦ ಗ್ರಾಂ ಧಾನ್ಯಕ್ಕೆ ೮೫ ಗ್ರಾಂ ಬೇಳೆಕಾಳುಗಳನ್ನೂ, ೪೦೦ ಗ್ರಾಂ ಸೊಪ್ಪು ತರಕಾರಿಗಳನ್ನೂ ಹೇಳುತ್ತದೆ. ಎಂದರೆ ಮೂರು ಚೀಲ ಧಾನ್ಯಕ್ಕೆ ಒಂದು ಚೀಲ ಬೇಳೆ. ಅಕ್ಕಿ ಸಕ್ಕರೆಗಳನ್ನು ಸಲ್ಲಿಸುವ ದಾನಿಗಳು ಅವುಗಳೊಡನೆ ತೊಗರಿಯ, ಶೇಂಗಾದ ಚೀಲವನ್ನೂ ಸೇರಿಸಿದರೆ, ಹಳೆಯ ವಿದ್ಯಾರ್ಥಿಗಳು ತಮ್ಮ ಹೊಲದ ಒಂದೆರಡು ಸಾಲು ಸೊಪ್ಪನ್ನು ಮೀಸಲಿಟ್ಟರೆ, ಗಂಗಾಳವು ತಾನಾಗಿ ತುಂಬುತ್ತದೆ.

ಹಿಂದೆ ‘ಜೋಳದ ಪಾಳಿ’ಯು ಉಂಡವನ ಮೇಲಿನ ಋಣವಾಗಿದ್ದಿತು. ಉಣಿಸುವವರ ಮೇಲೆಯೂ ಒಂದು ಋಣವುಂಟು: ಹಸಿವನ್ನು ನೀಗಿಸಿದಲ್ಲಿಗೆ ನಿಲ್ಲದೆ, ಉಂಡುದು ರಕ್ತವಾಗುವಂತೆ, ಬಲವಾಗುವಂತೆ ಉಣಿಸುವುದು. ಊಟವನ್ನು ಬಲ್ಲವರೆಂಬ ಹೆಸರು ಅಂಥವರಿಗೇ ಸಲ್ಲುತ್ತದೆ.