ಯಾರ್ಡಿನಿಂದ ಡೀಸೆಲ್ ಹೊರಹಾಕುವವರಿಗೆ

ಕರಾವಳಿಯ ಕಂಟೇನರ್ ಟರ್ಮಿನಲ್‌ಗಳಲ್ಲಿ ಯಂತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕೇಂದ್ರ ಸರ್ಕಾರದ 2023ರ 'ಹರಿತ್ ಸಾಗರ್' ಮಾರ್ಗಸೂಚಿ ಬಂದರಿನ ಅರ್ಧದಷ್ಟು ಉಪಕರಣಗಳು 2030ರೊಳಗೆ ವಿದ್ಯುತ್ತಿನಿಂದ ನಡೆಯಬೇಕೆಂದ ಮೇಲೆ ಎಲ್ಲರೂ ಕೇಳುವುದು ಒಂದೇ: ಯಾವ ಕಂಪನಿಯ ಯಂತ್ರ ಒಳ್ಳೆಯದು? ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

1. ಕಾಯುವ ಹೊತ್ತನ್ನು ಮೊದಲು ಅಳೆಯಿರಿ. ಯಾರ್ಡ್ ಟ್ರ್ಯಾಕ್ಟರ್ ಓಡುವುದಕ್ಕಿಂತ ಕ್ರೇನ್ ಕೆಳಗೆ ಸರದಿಯಲ್ಲಿ ನಿಲ್ಲುವುದೇ ಹೆಚ್ಚು. ಎಂಜಿನ್ ಗುರುಗುಡುತ್ತಲೇ ಇರುತ್ತದೆ. ನಿಂತ ಬ್ಯಾಟರಿ ಗಾಡಿಗೆ ಎ.ಸಿ. ಬಿಟ್ಟರೆ ಹೆಚ್ಚಿನ ಖರ್ಚಿಲ್ಲ. ಚಾರ್ಜಿಗೆ ಬಿಡುವು ಸಿಗುವುದೂ ಈ ಸಂದುಗಳಲ್ಲೇ.

2. ಎಲ್ಲದಕ್ಕೂ ಬ್ಯಾಟರಿ ಬೇಡ. ಹಡಗಿನ ಪಕ್ಕದ ದೊಡ್ಡ ಕ್ರೇನ್‌ಗಳು ಮೊದಲಿನಿಂದಲೂ ಹೆಚ್ಚಾಗಿ ಕರೆಂಟಿನವೇ. ಯಾರ್ಡಿನ ಆರ್‌ಟಿಜಿ (ರಬ್ಬರ್ ಚಕ್ರದ ಕ್ರೇನ್) ಒಂದೇ ಬ್ಲಾಕಿನಲ್ಲಿ ಹಿಂದೆ ಮುಂದೆ ಓಡಾಡುವಂಥದ್ದು, ಅದಕ್ಕೆ ಕೇಬಲ್ ಅಥವಾ ಬಸ್‌ಬಾರ್ ಸಾಕು. 40 ಟನ್ನಿನ ಪೆಟ್ಟಿಗೆ 12 ಮೀಟರ್ ಇಳಿದರೆ ಲೆಕ್ಕಕ್ಕೆ ಸುಮಾರು 1.3 ಯೂನಿಟ್ ಶಕ್ತಿ. ಡೀಸೆಲ್ ಯಂತ್ರದಲ್ಲಿ ಅದು ರೆಸಿಸ್ಟರ್‌ನಲ್ಲಿ ಕಾವಾಗಿ ಹೋಗುತ್ತದೆ. ಸರಿಯಾದ ಡ್ರೈವ್ ಹಾಕಿಸಿದರೆ ಬಹುಪಾಲು ಲೈನಿಗೆ ಮರಳುತ್ತದೆ, ಪಕ್ಕದ ಕ್ರೇನ್ ಅದನ್ನೇ ಎತ್ತಲು ಬಳಸುತ್ತದೆ. ಆದರೆ ಬ್ಲಾಕಿನಿಂದ ಬ್ಲಾಕಿಗೆ ದಾಟಲು ಸಣ್ಣ ಡೀಸೆಲ್ ಜನರೇಟರ್ ಉಳಿಸಿಕೊಂಡಿದ್ದರೆ ಅದನ್ನು 'ಶೂನ್ಯ ಹೊಗೆ' ಎನ್ನುವುದು ಜಾಹೀರಾತಿನ ಮಾತು. ಎಲ್ಲೆಂದರಲ್ಲಿ ಅಲೆಯುವ ರೀಚ್ ಸ್ಟ್ಯಾಕರ್‌ಗೆ ಮಾತ್ರ ಬ್ಯಾಟರಿಯೇ ಗತಿ. ಭಾರ ಹೆಚ್ಚು, ಬಿಡುವು ಕಡಿಮೆ; ಅದನ್ನು ಕೊನೆಗಿಟ್ಟುಕೊಳ್ಳಿ.

3. ಶಿಫ್ಟ್ ಬದಲಾಗುವಾಗ ಎಲ್ಲರೂ ಒಟ್ಟಿಗೆ ಪ್ಲಗ್ ಚುಚ್ಚುತ್ತಾರೆ. ಆ ಅರ್ಧ ಗಂಟೆಯ ಗರಿಷ್ಠ ಬೇಡಿಕೆ ಇಡೀ ತಿಂಗಳ ಬಿಲ್ಲಿನ ಮೇಲೆ ಕೂರುತ್ತದೆ. ಚಾರ್ಜರ್‌ಗಳಿಗೆ ಸರದಿ ಹಾಕಿ. ಅದಕ್ಕೆ ಆಪರೇಷನ್ಸ್‌ನವರನ್ನು ಒಪ್ಪಿಸುವುದು ಸಾಫ್ಟ್‌ವೇರ್ ಹಾಕುವುದಕ್ಕಿಂತ ಕಷ್ಟ. ಟ್ರಾನ್ಸ್‌ಫಾರ್ಮರ್ ಆರ್ಡರನ್ನು ಗಾಡಿಗಳಿಗಿಂತ ಮೊದಲು ಕಳಿಸಿ. ಕೇಬಲ್ ಹೂಳಲು ಅಗೆಯಬೇಕೆಂದರೆ ದುಡಿಯುತ್ತಿರುವ ಬ್ಲಾಕನ್ನೇ ಮುಚ್ಚಬೇಕಾಗುತ್ತದೆ, ನೆನಪಿರಲಿ.

4. ಉಪ್ಪುಗಾಳಿ. ಪ್ಲಗ್ಗಿನ ಪಿನ್ನುಗಳು ಹಸಿರುಗಟ್ಟುತ್ತವೆ. ಮಳೆಗಾಲಕ್ಕೆ ಮುಂಚೆ ಸೀಲು, ಗ್ಲ್ಯಾಂಡು ಎಲ್ಲ ತಪಾಸಣೆ ಆಗಲಿ.

5. ಸದ್ದಿಲ್ಲದ ಗಾಡಿ ಅಪಾಯಕಾರಿ. ಕ್ರೇನ್ ಕೆಳಗೆ ಟ್ವಿಸ್ಟ್‌ಲಾಕ್ ಬಿಚ್ಚುವ ಹುಡುಗರು ಕಣ್ಣಿಗಿಂತ ಕಿವಿಯನ್ನು ನಂಬಿದವರು, ಬೆನ್ನ ಹಿಂದೆ ಡೀಸೆಲ್ ಸದ್ದು ಕೇಳಿದರೇ ಪಕ್ಕಕ್ಕೆ ಸರಿಯುತ್ತಾರೆ. ಬೀಪರ್, ನೀಲಿ ದೀಪ ಹಾಕಿಸಿ. ತರಬೇತಿಗೆ ಚಾಲಕರ ಜೊತೆ ಇವರನ್ನೂ ಕರೆಯಿರಿ. ಗುತ್ತಿಗೆ ಕಾರ್ಮಿಕರೆಂದು ಪಟ್ಟಿಯಿಂದ ಬಿಟ್ಟುಹೋಗುವುದು ಇವರ ಹೆಸರುಗಳೇ.