ಪಾಯ ತೋಡುವ ಮೊದಲು ಕರಾರು ಬರೆಯಿರಿ

ಮಹಾಕೂಟದಲ್ಲಿದ್ದು ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿರುವ ಚಾಲುಕ್ಯ ಅರಸ ಮಂಗಲೇಶನ ಕಾಲದ ಧರ್ಮಜಯಸ್ತಂಭದ ಮೇಲೆ ಮಕುಟೇಶ್ವರನಿಗೆ ಬಿಟ್ಟ 10 ಊರುಗಳ ದತ್ತಿಯ ವಿವರವಿದೆ. ಅರಸರ ಮಾತಿಗೇ ಬರಹ ಬೇಕಾಯಿತು. ನಾವು ಮಾತ್ರ ಪಾಯ ತೋಡುವ, ಗರಸು ತುಂಬುವ ಕೆಲಸಕ್ಕೆ ಬಾಯಿಮಾತಿನ ಮೇಲೆ ಮುಂಗಡ ಎಣಿಸಿ ಕೊಡುತ್ತೇವೆ.

1872ರ ಕರಾರು ಕಾಯ್ದೆಯಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ. ಆದರೆ ವ್ಯಾಜ್ಯ ಹತ್ತಿದಾಗ ಸಾಬೀತು ಮಾಡುವುದು ಬಲು ಕಷ್ಟ.

ಜಗಳ ಹುಟ್ಟುವುದು ಹೆಚ್ಚಾಗಿ ನೆಲದೊಳಗೆ. ಮಲಪ್ರಭೆ ದಂಡೆಯ ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪಾಯ ಗಟ್ಟಿ ನೆಲ ಮುಟ್ಟಲೇಬೇಕು. ಬಾದಾಮಿ ಗುಡ್ಡದ ಬದಿಗೋ ಮೊಳ ತೋಡುವಷ್ಟರಲ್ಲಿ ಬಂಡೆ ಹತ್ತೀತು. ಹೆಚ್ಚು ಆಳಕ್ಕೆ ಏನು ದರ, ಬಂಡೆ ಒಡೆಯುವ ಖರ್ಚು ಯಾರದು ಎಂದು ಮೊದಲೇ ಬರೆಸಿ. ಜೆಸಿಬಿ ಲೆಕ್ಕ ತಾಸಿನ ಮೇಲೋ, ಇಡೀ ಕೆಲಸದ ಮೇಲೋ? ಗರಸು ಎಷ್ಟು ಬ್ರಾಸ್? ಒಂದು ಬ್ರಾಸ್ ಎಂದರೆ 100 ಘನ ಅಡಿ. ಟ್ರಾಲಿ ಲೆಕ್ಕಕ್ಕೆ ಒಪ್ಪಬೇಡಿ. ಹಣವನ್ನು ಮುಗಿದ ಕೆಲಸ ಅಳೆದು ಕಂತಿನಲ್ಲಿ ಕೊಡಿ, ಪ್ರತಿ ಕಂತಿಗೂ ಸಹಿ ಪಡೆಯಿರಿ.

ಇನ್ನೊಂದು ಮಾತು. ಮಹಾಕೂಟದಂಥ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. ಅದನ್ನು ತರುವ ಹೊಣೆ ಯಾರದೆಂದೂ ಕಾಗದದಲ್ಲಿರಲಿ.

ಬರಹ ಗುತ್ತಿಗೆದಾರನ ಮೇಲಿನ ಅಪನಂಬಿಕೆಯಲ್ಲ, ಅವನ ಕೂಲಿಗೂ ಅದೇ ಆಧಾರ. ಎರಡು ಪ್ರತಿ ಮಾಡಿಸಿ, ಒಂದನ್ನು ಅವನ ಕೈಗೆ ಕೊಟ್ಟೇ ಗುದ್ದಲಿ ಹಾಕಿಸಿ.