ನಮ್ಮ ಊರಿಗೆ ಎಂಥ ರೇಡಿಯೊ ಬೇಕು?

ಹೊಸ ರೇಡಿಯೊ ಕೊಳ್ಳಲು ಪೇಟೆಗೆ ಹೋದರೆ ಅಂಗಡಿಯವರು ಮೊದಲು ಬ್ಯಾಂಡುಗಳ ಲೆಕ್ಕ ಹೇಳುತ್ತಾರೆ. ಬ್ಯಾಂಡು ಹೆಚ್ಚಿದಷ್ಟೂ ರೇಡಿಯೊ ಉತ್ತಮವೆಂದು ನಂಬುವವರು ಬಹಳ. ಆದರೆ ಆ ಹತ್ತು ಹನ್ನೆರಡು ಬ್ಯಾಂಡುಗಳಲ್ಲಿ ಬಹುಪಾಲು ಹ್ರಸ್ವ ತರಂಗದ ತುಂಡುಗಳು. ಗಡಹಿಂಗ್ಲಜ, ಇಚಲಕರಂಜಿ, ಕೊಲ್ಹಾಪುರಗಳ ಕನ್ನಡ ಮನೆಗಳಿಗೆ ಬೇಕಾದ ಕೇಂದ್ರಗಳು ಅಲ್ಲಿಲ್ಲ; ಅದರ ಕೆಳಗೂ ಮೇಲೂ ಇವೆ. ಆದ್ದರಿಂದ ‘ಎಷ್ಟು ಬ್ಯಾಂಡು?’ ಎಂದು ಕೇಳುವ ಮೊದಲು ‘ಯಾವ ಕೇಂದ್ರ ಕೇಳಬೇಕು?’ ಎಂಬುದನ್ನು ನಾವು ನಿಶ್ಚಯಿಸಿಕೊಳ್ಳಬೇಕು.

ತರಂಗಗಳ ಸ್ವಭಾವ

ಹ್ರಸ್ವ ತರಂಗವೆಂದರೆ 3ರಿಂದ 30 ಮೆಗಾಹರ್ಟ್ಸ್‌ವರೆಗಿನದು. ಇದು ಮೇಲಿನ ವಾಯುಮಂಡಲದ ಅಯಾನುಗಳ ಪದರಕ್ಕೆ ತಾಗಿ ಮರಳುವುದರಿಂದ ದೂರದೇಶದ ಕೇಂದ್ರಗಳು ಕೇಳಿಸುತ್ತವೆ. ಅದಕ್ಕಿಂತ ಕೆಳಗಿನದು ಮಧ್ಯಮ ತರಂಗ. ಹಗಲಿನಲ್ಲಿ ಇದು ನೆಲವನ್ನು ಹಿಡಿದು ಸಾಗುತ್ತದೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗದ ಆವರ್ತನ 765 ಕಿಲೋಹರ್ಟ್ಸ್. ತರಂಗದ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರು. ಅದನ್ನು ಆವರ್ತನದಿಂದ ಭಾಗಿಸಿದರೆ ತರಂಗದ ಉದ್ದ ಸುಮಾರು 392 ಮೀಟರು. ಇಷ್ಟು ಉದ್ದದ ತರಂಗಕ್ಕೆ ಸಣ್ಣಪುಟ್ಟ ಗುಡ್ಡಗಳು ಲೆಕ್ಕವಿಲ್ಲ.

ಹ್ರಸ್ವ ತರಂಗದ ಮೇಲಿನದು ಎಫ್.ಎಂ. ಕೊಲ್ಹಾಪುರ ಆಕಾಶವಾಣಿಯ 102.7 ಮೆಗಾಹರ್ಟ್ಸ್ ತರಂಗದ ಉದ್ದ 3 ಮೀಟರಿಗೂ ಕಡಿಮೆ. ದನಿ ಸ್ವಚ್ಛ, ಆದರೆ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಗುಡ್ಡ ಅಡ್ಡಬಂದರೆ ಕ್ಷೀಣಿಸುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು

1. ಎಫ್.ಎಂ. ಮಾತ್ರ ಇರುವ ಅಗ್ಗದ ಸೆಟ್ಟಿನಲ್ಲಿ ಮಧ್ಯಮ ತರಂಗ ಸಿಗದು. ಮುಖದ ಮೇಲೆ ‘ಎಂ.ಡಬ್ಲ್ಯು.’ ಅಥವಾ ‘ಎ.ಎಂ.’ ಎಂದಿದೆಯೇ ನೋಡಿರಿ.

2. ಮಧ್ಯಮ ತರಂಗವನ್ನು ಹಿಡಿಯುವುದು ಹೊರಗೆ ಎಳೆಯುವ ಏರಿಯಲ್ ಅಲ್ಲ. ಒಳಗಿರುವ, ತಂತಿ ಸುತ್ತಿದ ಫೆರೈಟ್ ಕಡ್ಡಿ. ಕಡ್ಡಿ ಉದ್ದವಾದಷ್ಟೂ ಒಳ್ಳೆಯದು. ಅಂಗೈಯಷ್ಟು ಸೆಟ್ಟಿಗಿಂತ ದೊಡ್ಡ ಸೆಟ್ಟು ಇದಕ್ಕೇ ಲೇಸು. ಕಡ್ಡಿ ಸಾಮಾನ್ಯವಾಗಿ ಸೆಟ್ಟಿನ ಉದ್ದಕ್ಕೆ ಮಲಗಿರುತ್ತದೆ. ಅದರ ತುದಿ ಕೇಂದ್ರದ ಕಡೆ ಇದ್ದರೆ ದನಿ ಕುಗ್ಗುತ್ತದೆ. ಧಾರವಾಡ ನಮಗೆ ಆಗ್ನೇಯದಲ್ಲಿದೆ. ಸೆಟ್ಟಿನ ಮುಖವನ್ನಾಗಲಿ ಬೆನ್ನನ್ನಾಗಲಿ ಆ ದಿಕ್ಕಿಗೆ ತಿರುಗಿಸಿ ಇಡಬೇಕು.

3. ಅಂಕಿ ತೋರಿಸುವ ಸೆಟ್ಟಾದರೆ ಮಧ್ಯಮ ತರಂಗದ ಹೆಜ್ಜೆ 9 ಕಿಲೋಹರ್ಟ್ಸ್ ಇರಬೇಕು. ನಮ್ಮ ದೇಶದ ಕೇಂದ್ರಗಳು 9ರ ಗುಣಕಗಳಲ್ಲಿವೆ; 85 × 9 = 765. ಅಮೆರಿಕದ ಪದ್ಧತಿಯಂತೆ ಹತ್ತರ ಹೆಜ್ಜೆಯಲ್ಲಿಯೇ ಹೋಗುವ ಸೆಟ್ಟು 760ರಿಂದ 770ಕ್ಕೆ ಹಾರಿ ಧಾರವಾಡವನ್ನು ದಾಟಿಬಿಡುತ್ತದೆ.

4. ವಿದ್ಯುತ್ ಮಗ್ಗದ ಮೋಟಾರು, ಕೆಲವು ಎಲ್‌ಇಡಿ ದೀಪ, ಮೊಬೈಲ್ ಚಾರ್ಜರು ಮಧ್ಯಮ ತರಂಗದಲ್ಲಿ ಗರಗರ ಸದ್ದು ಎಬ್ಬಿಸುತ್ತವೆ. ಇಚಲಕರಂಜಿಯ ಮಗ್ಗದ ಓಣಿಯವರು ಸೆಲ್ಲು ಹಾಕಿ, ಸೆಟ್ಟನ್ನು ಕಿಟಕಿಯ ಬಳಿ ಇಟ್ಟು ಕೇಳುವುದು ಮೇಲು.

5. ಹಗಲಿನಲ್ಲಿ, ಸಾಧ್ಯವಾದರೆ ಮನೆಗೇ ತಂದು, ಪರೀಕ್ಷಿಸಿ ಕೊಳ್ಳಿರಿ. ರಾತ್ರಿ ಮಧ್ಯಮ ತರಂಗವೂ ಆಕಾಶದಿಂದ ಮರಳುವುದರಿಂದ ದೂರದ ಕೇಂದ್ರಗಳು ಬಂದು ಬೆರೆಯುತ್ತವೆ.

ಎಫ್.ಎಂ.ಗಿಂತಲೂ ಮೇಲೆ

108 ಮೆಗಾಹರ್ಟ್ಸ್ ದಾಟಿದರೆ ವಿಮಾನಗಳ ಮಾತು, ಅದರಾಚೆ 144ರಿಂದ ಹವ್ಯಾಸಿ ರೇಡಿಯೊ ಇವೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೊ 145.8 ಮೆಗಾಹರ್ಟ್ಸ್‌ನಲ್ಲಿ ಭೂಮಿಯೊಡನೆ ಮಾತನಾಡುವುದುಂಟು. ಇವುಗಳಿಗೆ ಬೇರೆಯೇ ಸೆಟ್ಟು ಬೇಕು. ಆದರೆ ಪ್ರಸಾರ ಎಲ್ಲರಿಗಾಗಿ. ವಿಮಾನದ, ಪೊಲೀಸರ ಸಂದೇಶ ನಮಗಾಗಿ ಅಲ್ಲ. ಅನ್ಯರ ಪತ್ರವನ್ನು ಒಡೆದು ಓದಬಾರದಷ್ಟೆ. ಆ ಆಸೆಗೆ ದುಬಾರಿ ಸೆಟ್ಟು ಬೇಡ.

ಪಾಲಕರಿಗೆ ಒಂದು ಮಾತು. ಮೊಬೈಲಿನಲ್ಲಿಯೂ ಆಕಾಶವಾಣಿ ಕೇಳಬಹುದು; ಆದರೆ ಮೊಬೈಲು ಒಬ್ಬರ ಕೈಯಲ್ಲಿರುತ್ತದೆ, ಅಡುಗೆಮನೆಯ ಮಾಡದಲ್ಲಿಟ್ಟ ರೇಡಿಯೊ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರದು. ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳಿಗೆ ಶಾಲೆಯ ಹೊರಗೆ ಬರಹದ ಕನ್ನಡ ಕಿವಿಗೆ ಬೀಳುವುದು ಅಪರೂಪ. ವಾರ್ತೆ, ನಾಟಕ, ಭಾಷಣಗಳನ್ನು ಕೇಳುತ್ತ ಬೆಳೆದ ಮಗುವಿಗೆ ಪಠ್ಯದ ವಾಕ್ಯ ಪರಕೀಯವೆನಿಸದು.

ಅಭ್ಯಾಸ: (1) 612 ಕಿಲೋಹರ್ಟ್ಸ್ ತರಂಗದ ಉದ್ದವೆಷ್ಟು? (2) 612 ಎಂಬುದು 9ರ ಗುಣಕವೇ? (3) ನಿಮ್ಮ ಮನೆಯ ರೇಡಿಯೊವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ, ದನಿಯ ವ್ಯತ್ಯಾಸವನ್ನು ಬರೆದಿಡಿರಿ.